ಅಜ್ಜನ ಅಜ್ಜ ‘ಮುನ್ಷಿ’ ಆಗಿದ್ದರಂತೆ, ಹಾಗಂದರೆ ನಿಜವಾಗಿ ಏನು ಕೆಲಸ?

ಮುನ್ಷಿಮನೆ ಹುಡುಗಿ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯಿಂದ ಸ್ವಲ್ಪ ದೂರದಲ್ಲಿ ನಮ್ಮ ಹಳೇ ಮನೆ. ಊರಲ್ಲಿ ಇವತ್ತಿಗೂ ಅದಕ್ಕೆ ಮುನ್ಷಿಮನೆ ಅಂತಲೇ ಹೆಸರು. ಆಟೋದವರಿಗೂ ಹಾಗೇ ಹೇಳಬೇಕು, ಇಲ್ಲದಿದ್ದರೆ ಗೊತ್ತಾಗಲ್ಲ. ಆದರೆ ಆ ಮುನ್ಷಿ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಬಿಳಿ ದೊರೆಗೆ ಕನ್ನಡ ಕಲಿಸಿದ ಮೇಷ್ಟ್ರು ಅಂತ ಅಜ್ಜಿ ಹೇಳುತ್ತಿದ್ದರು. ದೊಡ್ಡಪ್ಪ ಹೇಳುವುದು, ಏನೂ ಇಲ್ಲ, ಕಚೇರಿಯಲ್ಲಿ ಗುಮಾಸ್ತ, ಸುಮ್ನೆ ದೊಡ್ಡ ಹೆಸರು ಅಂತ. ಚಿಕ್ಕಪ್ಪನ ಪ್ರಕಾರ ಕೋರ್ಟಿನಲ್ಲಿ ದುಬಾಷಿ. ಮೂವರೂ ಹೇಳುತ್ತಿರುವುದು ಒಬ್ಬರ ಬಗ್ಗೆಯೇ, ನನ್ನ ಅಜ್ಜನ ಅಜ್ಜ.

ಹೋದ ಮಳೆಗಾಲದಲ್ಲಿ ಹೆಂಚು ಒಡೆದು ಅಟ್ಟಕ್ಕೆ ನೀರು ಇಳಿಯಿತು. ಸಾಮಾನು ಕೆಳಗೆ ತರುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅಮ್ಮ ಅದನ್ನು ಖಾಲಿ ಮಾಡಿ ಒಳ್ಳೆಮೆಣಸು ತುಂಬಿಡುವ ಯೋಚನೆಯಲ್ಲಿದ್ದರು. ಆ ವಾರ ನಾನು ಬೆಂಗಳೂರಿಂದ ಹೋಗಿದ್ದೆ, ಅದಕ್ಕೆ ಉಳಿಯಿತು. ಒಳಗೆ ಇದ್ದದ್ದು ಕೈಯಲ್ಲಿ ಹೊಲಿದ ಒಂದು ಪುಸ್ತಕ, ಇಂಗ್ಲಿಷಿನಲ್ಲಿ ಎರಡು ಕಾಗದ, ಮತ್ತೆ ಸುಟ್ಟ ಹಾಗೆ ಕಪ್ಪಗಿರುವ ಒಂದು ಬಟ್ಟೆ. ಬಟ್ಟೆಯನ್ನು ಹಿಂದೆ ಮುಂದೆ ಮಡಚಿ ಮಡಚಿ ಹಲಗೆ ಥರ ಗಟ್ಟಿ ಮಾಡಿದ್ದಾರೆ. ಅದು ಏನು ಅಂತ ಯಾರಿಗೂ ಗೊತ್ತಿಲ್ಲ.

ಪುಸ್ತಕದಲ್ಲಿ ಎರಡು ಕೈಬರಹ ಇದೆ. ಒಂದು ಮುತ್ತು ಪೋಣಿಸಿದ ಹಾಗೆ. ಇನ್ನೊಂದು ಚಿಕ್ಕ ಮಗುವಿನದು, ಅಕ್ಷರ ವಕ್ರವಕ್ರ, ಲ ಬರೆಯುವ ಕಡೆ ಳ, ಳ ಬರೆಯುವ ಕಡೆ ಲ, ಣ ಅನ್ನುವುದು ಗೊತ್ತೇ ಇಲ್ಲ. ‘ಕುದುರೆಗೆ ಹುಲ್ಲು ಹಾಕು’, ‘ಇದು ಯಾರ ಗದ್ದೆ’, ‘ನಿನ್ನ ಸಾಕ್ಷಿ ಎಲ್ಲಿ’, ‘ಸುಳ್ಳು ಹೇಳಬೇಡ’, ‘ಕೂಲಿಯವರು ಎಷ್ಟು ಜನ’, ಹೀಗೇ ಪುಟಗಟ್ಟಲೆ. ಮನೆಯಲ್ಲಿ ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದರೇನೋ ಅಂದುಕೊಂಡೆ. ಇಂಗ್ಲಿಷ್ ಕಾಗದಗಳಲ್ಲಿ ಇಸವಿ ‘18’ ಮಾತ್ರ ಉಳಿದಿದೆ, ಮುಂದಿನದು ಗೆದ್ದಲಿನ ಹೊಟ್ಟೆಗೆ. ಎರಡರಲ್ಲೂ ‘ನನ್ನ ಮುನ್ಷಿ’ ತುಂಬಾ ನಂಬಿಕಸ್ಥ, ತಾಳ್ಮೆಯವನು ಅಂತ ಬರೆದಿದ್ದಾರೆ. ಹೆಸರು ಎಲ್ಲೂ ಇಲ್ಲ!

ಗೊತ್ತಿದ್ದವರು ಹೇಳಿ. ಕಲಿಸುವವರೋ, ಬರೆಯುವವರೋ, ಮಾತು ದಾಟಿಸುವವರೋ?

ಹಳೇ ಮೇಷ್ಟ್ರು, ಮಡಿಕೇರಿ

ಮಗಳೇ, ಏಕವಚನ ಅಂತ ಬೇಜಾರು ಮಾಡಿಕೊಳ್ಳಬೇಡ, ನಿನ್ನಷ್ಟು ದೊಡ್ಡ ಮೊಮ್ಮಗಳಿದ್ದಾಳೆ ನನಗೆ.

ಮೊದಲು ಆ ವಕ್ರ ಅಕ್ಷರದ ವಿಷಯ. ಅದು ಮಗುವಿನದಲ್ಲ. ಮೂವತ್ತೈದು ವರ್ಷ ಒಂದನೇ ಕ್ಲಾಸಿನ ಮಕ್ಕಳ ಸ್ಲೇಟು ನೋಡಿದ್ದೇನೆ. ಮಕ್ಕಳು ಕಲಿಯುವುದು ಅರಸ, ಬಸವ, ಕಮಲ. ‘ನಿನ್ನ ಸಾಕ್ಷಿ ಎಲ್ಲಿ’ ಅಂತ ಯಾವ ಮಗುವಿಗೆ ಬರೆಸುತ್ತಾರೆ? ಮತ್ತೆ ಕೊಡಗಿನ ಮಗು ಳ, ಣ ತಪ್ಪುವುದು ಅಪರೂಪ, ನಾಲಿಗೆಯಲ್ಲೇ ಇರುತ್ತದೆ. ಆ ಎರಡು ಅಕ್ಷರ ಕಿವಿಗೇ ಬೀಳದವನು ಬೇರೆ ಕಡೆಯಿಂದ ಬಂದವನು. ಅದು ನಿಮ್ಮ ಅಜ್ಜನ ಶಿಷ್ಯನ ಕೈಬರಹ. ದೊರೆಯದು.

ಇನ್ನು ‘ಮುನ್ಷಿ’. ಅರಬ್ಬಿಯಿಂದ ಪರ್ಷಿಯನ್ ಭಾಷೆಗೆ, ಅಲ್ಲಿಂದ ನಮಗೆ ಬಂದ ಮಾತು. ಮೂಲದಲ್ಲಿ ಬರೆಯುವವನು ಅಂತಲೇ ಅರ್ಥ, ನವಾಬರ ಕಚೇರಿಗಳಲ್ಲಿ ಕಾಗದಪತ್ರ ಬರೆಯುತ್ತಿದ್ದವರು. ಇಂಗ್ಲಿಷರು ಬಂದ ಮೇಲೆ ಅದೇ ಜನರ ಹತ್ತಿರ ಭಾಷೆ ಕಲಿತರು. ಹಾಗಾಗಿ ಅವರ ಬಾಯಲ್ಲಿ ಮುನ್ಷಿ ಅಂದರೆ ಭಾಷೆ ಕಲಿಸುವವನು ಅಂತಾಯಿತು. ದುಬಾಷಿ ಅಂದರೆ ಎರಡು ಭಾಷೆಯವನು. ಇದು ಜಾಸ್ತಿ ಓಡಾಡಿದ್ದು ಮದ್ರಾಸು, ಪಾಂಡಿಚೇರಿ ಕಡೆ. ಅಲ್ಲಿ ದುಬಾಷಿ ಬರೀ ಮಾತು ದಾಟಿಸುವವನಲ್ಲ, ವ್ಯಾಪಾರ ಕುದುರಿಸುವವನೂ ಅವನೇ. ಪಾಂಡಿಚೇರಿಯ ಆನಂದರಂಗ ಪಿಳ್ಳೆ ಫ್ರೆಂಚ್ ಗವರ್ನರ್ ಡೂಪ್ಲೆಯ ದುಬಾಷಿ, 1736ರಿಂದ 1761ರ ತನಕ ದಿನಚರಿ ಬರೆದಿಟ್ಟು ಹೋದ ಮನುಷ್ಯ. ಶಿರಸ್ತೇದಾರ ಅಂದರೆ ಕಚೇರಿಯ ದಫ್ತರಕ್ಕೆಲ್ಲ ಯಜಮಾನ. ಕೆಳಗೆ ಗುಮಾಸ್ತರು. ಆದರೆ ಇದೆಲ್ಲ ಕಾಗದದ ಮೇಲೆ. ಮಡಿಕೇರಿಯಂಥ ಸಣ್ಣ ಊರಲ್ಲಿ ಎರಡು ಭಾಷೆ ಬಲ್ಲವರು ಎಷ್ಟು ಜನ ಸಿಗುತ್ತಾರೆ? ಬೆಳಿಗ್ಗೆ ಬಂಗಲೆಯಲ್ಲಿ ಪಾಠ, ಹಗಲು ಕಚೇರಿಯಲ್ಲಿ ಬರವಣಿಗೆ, ಯಾರಾದರೂ ದೂರು ತಂದರೆ ತರ್ಜುಮೆ. ನಿನ್ನ ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಸರಿ ಇರಬಹುದು.

ದೊರೆಗಳು ಕಲಿತದ್ದು ಪ್ರೀತಿಗಲ್ಲ, ಪರೀಕ್ಷೆಗೆ. ಮದ್ರಾಸಿನಲ್ಲಿ 1812ರಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಶುರುವಾಯಿತು. ಹೊಸದಾಗಿ ಹಡಗಿಳಿದ ಹುಡುಗರಿಗೆ ತಮಿಳು, ತೆಲುಗು, ಕನ್ನಡ, ಮಲಯಾಳ ಕಲಿಸುವುದಕ್ಕೆ. ಅವರಿಗೆ ವ್ಯಾಕರಣದ ಪುಸ್ತಕವೂ ಬೇಕಿತ್ತು. ಮೆಕೆರೆಲ್ ಅನ್ನುವವನ ಕನ್ನಡ ವ್ಯಾಕರಣ 1820ರಲ್ಲಿ ಬಂತು, ಇಂಗ್ಲಿಷಿನಲ್ಲಿ. ಅದೇ ಕಾಲೇಜಿನ ಕನ್ನಡ ಪಂಡಿತರು ಕೃಷ್ಣಮಾಚಾರ್ಯರು 1838ರಲ್ಲಿ ‘ಹೊಸಗನ್ನಡ ನುಡಿಗನ್ನಡಿ’ ಬರೆದರು. ಆಡುವ ಕನ್ನಡಕ್ಕೆ ಕನ್ನಡದಲ್ಲೇ ವ್ಯಾಕರಣ! ದಿನಾ ಬೆಳಗಾದರೆ ಬೇರೆ ನಾಡಿನ ಹುಡುಗ ‘ಇದು ಹೀಗೆ ಯಾಕೆ’ ಅಂತ ಕೇಳುತ್ತಿದ್ದರೆ ಮೇಷ್ಟ್ರಾದವನು ತನ್ನ ಭಾಷೆಯನ್ನೇ ಹೊಸದಾಗಿ ನೋಡಬೇಕಾಗುತ್ತದೆ ಅಂತ ನನ್ನ ಅನಿಸಿಕೆ.

ದೊರೆಗಳಿಗೆ ಮುನ್ಷಿ ಇಟ್ಟುಕೊಳ್ಳಲು ಭತ್ಯೆ ಸಿಗುತ್ತಿತ್ತು. ಪರೀಕ್ಷೆಯಲ್ಲಿ ಅಚ್ಚಾದ ಪುಸ್ತಕ ಓದಿದರೆ ಸಾಲದು, ರೈತರ ಕೈಬರಹದ ಅರ್ಜಿಯನ್ನೂ ಓದಿ ಅರ್ಥ ಹೇಳಬೇಕಿತ್ತು. ಅದು ಕಬ್ಬಿಣದ ಕಡಲೆ. ನಮ್ಮಲ್ಲೇ ಎಷ್ಟು ಜನಕ್ಕೆ ಹಳೇ ಶಾನುಭೋಗರ ಅಕ್ಷರ ಓದಲು ಬರುತ್ತದೆ ಹೇಳು.

ಆ ಕಪ್ಪು ಬಟ್ಟೆ ಸುಟ್ಟದ್ದಲ್ಲ, ಬಿಸಾಡಬೇಡಿ! ಅದು ಕಡತ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸುತ್ತಿದ್ದರು. ಬಳಪದಲ್ಲಿ ಬರೆಯುವುದು, ಬೇಡವಾದರೆ ಅಳಿಸಿ ಮತ್ತೆ ಬಳಿಯುವುದು. ಕಡತ ಬಿಲ್‌ಕುಲ್ ಒದ್ದೆ ಆಗಬಾರದು. ಬೆಳಕಿಗೆ ಓರೆಯಾಗಿ ಹಿಡಿದು ನೋಡು, ಬಳಪದ ಗೆರೆ ಕಂಡರೂ ಕಾಣಬಹುದು.

ನಾಲ್ಕುನಾಡು

ಮೇಷ್ಟ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ಕೊಡಗಿನಲ್ಲಿ ಈ ಕೆಲಸ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ಹಿಡಿದ 1834ಕ್ಕೆ ಶುರುವಾದದ್ದಲ್ಲ. ಆಗಿನ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1790ರಲ್ಲಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡದ್ದು ತಲಚೇರಿಯ ರಾಬರ್ಟ್ ಟೇಲರ್ ಮೂಲಕ. ಒಂದು ಕಡೆ ಕನ್ನಡದ ಅರಮನೆ, ಇನ್ನೊಂದು ಕಡೆ ಇಂಗ್ಲಿಷ್ ಕೋಠಿ, ಮಧ್ಯೆ ಮಲಯಾಳದ ನೆಲ. ಎಷ್ಟು ನಾಲಿಗೆ ದಾಟಿ ಒಂದು ಮಾತು ತಲುಪಿರಬೇಕು ನೋಡಿ. ರಾಜನೇ ಬರೆಸಿದ ‘ರಾಜೇಂದ್ರನಾಮೆ’ ಕನ್ನಡದಲ್ಲಿದೆ, ಅದನ್ನು ಅಬರ್‌ಕ್ರಾಂಬಿ ಅನ್ನುವ ಲೆಫ್ಟಿನೆಂಟ್ 1808ರಲ್ಲಿ ಇಂಗ್ಲಿಷಿಗೆ ತಂದ. ತನ್ನ ವಂಶದ ಕಥೆ ಕಂಪನಿಯವರಿಗೆ ತಿಳಿಯಲಿ, ಮಗಳು ದೇವಮ್ಮಾಜಿಗೆ ಪಟ್ಟ ಸಿಗಲಿ ಅನ್ನುವ ಲೆಕ್ಕ ರಾಜನದು. ಅಂದರೆ ನಮ್ಮ ಮೊದಲ ಚರಿತ್ರೆ ಪುಸ್ತಕವೇ ತರ್ಜುಮೆಯನ್ನು ಮನಸ್ಸಲ್ಲಿಟ್ಟು ಬರೆಸಿದ್ದು.

ಮಧ್ಯದಲ್ಲಿ ನಿಂತವನಿಗೆ ಏನಾಗುತ್ತದೆ ಅನ್ನುವುದಕ್ಕೆ ಕೊಡಗಿನದೇ ಕಥೆ ಇದೆ. 1832ರಲ್ಲಿ ಕೊಡಗಿನ ಕೊನೆಯ ರಾಜ ಚಿಕ್ಕ ವೀರರಾಜೇಂದ್ರನ ತಂಗಿ ದೇವಮ್ಮಾಜಿ (ಇವರು ಬೇರೆ ದೇವಮ್ಮಾಜಿ) ಗಂಡ ಚೆನ್ನಬಸಪ್ಪನ ಜೊತೆ ಮೈಸೂರಿನ ಕಡೆಗೆ ಓಡಿಹೋಗಿ ಇಂಗ್ಲಿಷ್ ರೆಸಿಡೆಂಟನ ಆಶ್ರಯ ಪಡೆದರು. ಅವರನ್ನು ವಾಪಸ್ ಕೊಡಿ ಅಂತ ರಾಜ. ಕೊಡಲ್ಲ ಅಂತ ಕಂಪನಿ. ಮರುವರ್ಷ ಮಾತುಕತೆಗೆ ಅಂತ ಕಂಪನಿ ಕಳಿಸಿದ್ದು ಬಿಳಿಯರನ್ನಲ್ಲ. ತಲಚೇರಿಯ ಒಬ್ಬ ಪಾರ್ಸಿ ವ್ಯಾಪಾರಿ, ಜೊತೆಗೆ ಮಲಬಾರಿನ ಕಂಪನಿ ನೌಕರ ಕಲ್ಪಟ್ಟಿ ಕರುಣಾಕರ ಮೆನನ್. ಪಾರ್ಸಿ ವಾಪಸ್ ಹೋದ. ಮೆನನನ್ನು ರಾಜ ಹಿಡಿದಿಟ್ಟುಕೊಂಡ, ನಮ್ಮವರನ್ನು ಕೊಟ್ಟರೆ ನಿಮ್ಮವನನ್ನು ಬಿಡುತ್ತೇನೆ ಅಂತ. 1834ರ ಮಾರ್ಚಿನಲ್ಲಿ ಕರ್ನಲ್ ಫ್ರೇಸರ್ ಯುದ್ಧ ಸಾರಿದಾಗ ಹೊರಡಿಸಿದ ಘೋಷಣೆಯಲ್ಲಿ ಈ ಮೆನನ್ನನ ಸೆರೆಯೂ ಒಂದು ಕಾರಣ. ಏಪ್ರಿಲ್ 6ಕ್ಕೆ ಮಡಿಕೇರಿ ಕೋಟೆ ಅವರ ಕೈಯಲ್ಲಿತ್ತು. ಯುದ್ಧ ಹೇಗೂ ಆಗುತ್ತಿತ್ತು ಅನ್ನಿ, ಕಂಪನಿಗೆ ಒಂದು ನೆಪ ಬೇಕಿತ್ತು. ಆದರೆ ಮಾತಾಡಲು ಹೋದ ಮನುಷ್ಯ ನೆಪವಾದ.

ಮತ್ತೆ 1837ರ ಕಲ್ಯಾಣಪ್ಪನ ಕಾಟಕಾಯಿ (ಕಂಪನಿ ವಿರುದ್ಧ ಎದ್ದ ದಂಗೆ) ಆದ ಮೇಲೆ ತಮ್ಮ ಕಡೆ ನಿಂತ ಕೊಡಗರಿಗೆ ಕಂಪನಿ ಪದಕ ಹಂಚಿತಲ್ಲ, ಅದರ ಒಂದು ಮಗ್ಗುಲಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಕೊಡವ ವೀರನ ಚಿತ್ರ, ಸುತ್ತ ಕನ್ನಡ ಅಕ್ಷರ. ಆ ಕನ್ನಡ ಸಾಲನ್ನು ಯಾರೋ ಕೂತು ಬರೆದುಕೊಟ್ಟಿರಬೇಕಲ್ವಾ? ಟಂಕಿಸಿದವನಿಗೆ ಕನ್ನಡ ಬರುತ್ತಿರಲಿಲ್ಲ, ಇದು ನನ್ನ ಪಂದ್ಯ.

ಏಲಕ್ಕಿ ಕಾಡು

ಎಲ್ಲರೂ ಮುನ್ಷಿಗಳನ್ನು ಹೊಗಳುತ್ತಾ ಇದ್ದೀರಿ. ಸ್ವಲ್ಪ ನಿಲ್ಲಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಈ ಜನಕ್ಕೇ ಹೇಳಿ ಮಾಡಿಸಿದ್ದು. ದೊರೆಗೆ ಜನರ ಮಾತು ಗೊತ್ತಿಲ್ಲ, ಜನಕ್ಕೆ ದೊರೆಯ ಮಾತು ಗೊತ್ತಿಲ್ಲ. ಮಧ್ಯದವನು ಏನು ಹೇಳಿದರೆ ಅದೇ. ಅರ್ಜಿ ಮೇಲೆ ಹೋಗಬೇಕಾದರೆ ಅವನ ಕೈ ಬಿಸಿ ಮಾಡಬೇಕು. 1834ರಲ್ಲಿ ಅಮರ ಸುಳ್ಯ, ಪುತ್ತೂರು ಸೀಮೆ ಕೊಡಗಿನಿಂದ ಕೆನರಾಕ್ಕೆ ಹೋಯಿತು, ಭತ್ತದಲ್ಲಿ ಕೊಡುತ್ತಿದ್ದ ಕಂದಾಯ ದುಡ್ಡಿನಲ್ಲಿ ಕೊಡಿ ಅಂದರು. ಜನ ಸಿಟ್ಟಿಗೆದ್ದದ್ದು ಅದಕ್ಕೆ. ಆದರೆ ರೈತನ ಮನೆ ಬಾಗಿಲಿಗೆ ಬಂದು ಆ ಮಾತು ಹೇಳಿದ್ದು ಕಲೆಕ್ಟರ್ ಅಲ್ಲ, ಕನ್ನಡ ಬಲ್ಲ ನೌಕರ. ಸಿಟ್ಟು ಮೊದಲು ಯಾರ ಮೇಲೆ ತಿರುಗಿರುತ್ತದೆ ನೀವೇ ಯೋಚಿಸಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಕೊಡಗಿನಲ್ಲಿ ತರ್ಜುಮೆ ಒಂದು ಹೆಜ್ಜೆಯದಲ್ಲ, ಎರಡು ಹೆಜ್ಜೆಯದು. ದೊರೆ ಕಲಿತದ್ದು ಕನ್ನಡ, ಕಚೇರಿ ಭಾಷೆ ಕನ್ನಡ, ರಾಜರ ಕಾಲದಿಂದಲೂ ಹಾಗೇ. ಆದರೆ ಕಟ್ಟೆ ಮುಂದೆ ಕೈಮುಗಿದು ನಿಂತವನು ಆಡುತ್ತಿದ್ದದ್ದು ಕೊಡವ ತಕ್ಕ್, ಇಲ್ಲಾ ಅರೆಭಾಷೆ, ತುಳು, ಎರವರ ಮಾತು, ಕುರುಬರ ಮಾತು. ಅದನ್ನು ಗುಮಾಸ್ತ ಕನ್ನಡ ಮಾಡಿ ಬರೆದುಕೊಳ್ಳುತ್ತಾನೆ. ಆಮೇಲೆ ಆ ಕನ್ನಡ ಇಂಗ್ಲಿಷ್ ಆಗುತ್ತದೆ. ನಾವು ಇವತ್ತು ಮೂಲ ದಾಖಲೆ ಅಂತ ಕಣ್ಣಿಗೊತ್ತಿಕೊಳ್ಳುವ ಕನ್ನಡ ಕಾಗದವೇ ಒಂದು ತರ್ಜುಮೆ. ಅದಕ್ಕೂ ಮೊದಲು ಬಾಯಲ್ಲಿ ಬಂದದ್ದು ಏನು ಅಂತ ಯಾವ ಕಾಗದದಲ್ಲೂ ಇಲ್ಲ.

ನಮ್ಮ ಮನೆಯಲ್ಲಿ ಹೇಳುವ ಒಂದು ಕಥೆ. ನಾವು ಅರೆಭಾಷೆ ಗೌಡರು. ಗದ್ದೆಯ ಗಡಿ ಕೇಳಿದಾಗ ನಮ್ಮ ಹಿರಿಯರು ‘ಮೂಡಕ್ಕೆ ತೋಡು’ ಅಂದರಂತೆ. ತೋಡು ಅಂದರೆ ನಮ್ಮಲ್ಲಿ ಸಣ್ಣ ಹಳ್ಳ, ಕೊಡವರಿಗೂ ಗೊತ್ತು, ತುಳುವರಿಗೂ ಗೊತ್ತು. ಬರೆದುಕೊಳ್ಳುವವನು ಘಟ್ಟದ ಮೇಲಿನ ಬಯಲು ಸೀಮೆಯವನು. ಅವನ ಕಿವಿಗೆ ಬಿದ್ದದ್ದು ‘ತೋಟ’. ಮೂಡಕ್ಕೆ ತೋಟ ಅಂತ ಬರೆದ. ಆ ಕಡೆ ತೋಟ ಇದ್ದದ್ದು ಹಳ್ಳ ದಾಟಿ ಆಚೆ, ಪಕ್ಕದ ಮನೆಯವರದು. ಹಾಗಾಗಿ ಹಳ್ಳದ ಆಚೆಯ ತುಂಡು ಕಾಗದದಲ್ಲಿ ನಮ್ಮದಾಯಿತು. ಪಕ್ಕದವರು ಸುಮ್ಮನಿರುತ್ತಾರಾ? ಎರಡು ತಲೆಮಾರು ಎರಡೂ ಮನೆಗೆ ಮಾತಿಲ್ಲ ಕಥೆಯಿಲ್ಲ, ಕೈಲ್ ಪೊಳ್ದ್ ಹಬ್ಬಕ್ಕೂ ಕರೆಯುತ್ತಿರಲಿಲ್ಲ. ನನ್ನ ಅಪ್ಪನ ಕಾಲಕ್ಕೆ ನಾವೇ ಬಿಟ್ಟುಕೊಟ್ಟೆವು. ಬರೆದವನು ಕೆಟ್ಟವನು ಅಂತ ನಾನು ಹೇಳಲ್ಲ. ಗೊತ್ತಿಲ್ಲದ ಮಾತನ್ನು ಮತ್ತೊಮ್ಮೆ ಕೇಳಲಿಲ್ಲ, ಅಷ್ಟೇ ಅವನ ತಪ್ಪು.

ರೈಟರ್ ಮಗ

ಏಲಕ್ಕಿ ಅಣ್ಣ, ನಿಮ್ಮ ತೋಡು ಕಥೆ ಓದಿ ನಗು ಬಂತು, ಬೇಜಾರೂ ಆಯಿತು. ಮಧ್ಯದವರ ಮಗ ನಾನು. ಆ ಕಡೆಯದೂ ಸ್ವಲ್ಪ ಕೇಳಿ.

ನಮ್ಮಪ್ಪ ಸಿದ್ದಾಪುರ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಈಗಿನ ಹುಡುಗರಿಗೆ ರೈಟರ್ ಅಂದರೆ ಕಥೆ ಬರೆಯುವವರು. ನಮ್ಮಲ್ಲಿ ರೈಟರ್ ಅಂದರೆ ಚೆಕ್‌ರೋಲ್ ಬರೆಯುವವರು. ಬೆಳಿಗ್ಗೆ ಹಾಜರಿ, ಸಂಜೆ ಎಷ್ಟು ಹಣ್ಣು ಕುಯ್ದರು ಅನ್ನುವ ಲೆಕ್ಕ, ಶನಿವಾರ ಬಟವಾಡೆ. ಫೌಲರ್ ಅನ್ನುವವನು 1854ರಲ್ಲಿ ಮಡಿಕೇರಿಯಲ್ಲಿ ಮೊದಲ ಬಿಳಿಯರ ತೋಟ ಮಾಡಿದಾಗಿಂದ ಈ ಕೆಲಸ ಯಾವುದೋ ರೂಪದಲ್ಲಿ ಇದ್ದೇ ಇರಬೇಕು. ದೊರೆ ಬದಲಾದರು, ಬಿಳಿ ಹೋಗಿ ಕರಿ ಬಂದರು, ‘ದೊರೆ’ ಅನ್ನುವ ಹೆಸರೂ ಉಳಿಯಿತು, ರೈಟರ್ ಕೆಲಸವೂ ಉಳಿಯಿತು.

ಅಪ್ಪನಿಗೆ ಓದು ಎಂಟನೇ ಕ್ಲಾಸು. ಭಾಷೆ ಮಾತ್ರ ಆರು. ಲೈನ್‌ಮನೆಯಲ್ಲಿ ಒಂದು ಸಾಲು ತಮಿಳರು, ಒಂದು ಸಾಲು ಮಲಯಾಳಿಗಳು, ಕೆಳಗೆ ಎರವರ ಹಾಡಿ. ಮೇಸ್ತ್ರಿ ತುಳುವಿನವನು. ದೊರೆ ಇಂಗ್ಲಿಷಿನಲ್ಲಿ ಬೈಯುತ್ತಿದ್ದರು, ಸಿಟ್ಟು ಜಾಸ್ತಿಯಾದರೆ ಹಿಂದಿಗೆ ಹೋಗುತ್ತಿದ್ದರು. ನಾನು ಏಳೆಂಟು ವರ್ಷದವನಿದ್ದಾಗ ಕಣದ ಹತ್ತಿರ ನಿಂತು ಕಣ್ಣಾರೆ ನೋಡಿದ್ದು ಇದು. ಹಣ್ಣಿನ ಜೊತೆ ಹಸಿರು ಕಾಯಿ ಕುಯ್ದು ತಂದಿದ್ದರು. ದೊರೆ ಮೂಟೆಗೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆದು ನೆಲಕ್ಕೆ ಎಸೆದು ಐದು ನಿಮಿಷ ಕೂಗಾಡಿದರು. ಅಪ್ಪ ಕೈಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೆಂಗಸರ ಕಡೆ ತಿರುಗಿ ತಮಿಳಿನಲ್ಲಿ ಎರಡೇ ಮಾತು. ‘ಅಕ್ಕ, ಕಾಯಿ ಬೇಡ. ನಾಳೆಯಿಂದ ಹಣ್ಣು ಮಾತ್ರ.’ ಅಷ್ಟೇ. ಒಬ್ಬಳು ಕೇಳಿದಳು, ಅಷ್ಟುದ್ದ ಮಾತಿಗೆ ಇಷ್ಟೇನಾ ಅಂತ. ಅಪ್ಪ ಹೇಳಿದರು, ಉಳಿದದ್ದು ನನಗೆ ಅಂತ.

ಇದಕ್ಕೆ ಮೋಸ ಅನ್ನುತ್ತೀರೋ, ತರ್ಜುಮೆ ಅನ್ನುತ್ತೀರೋ? ಪೂರ್ತಿ ದಾಟಿಸಿದ್ದರೆ ಮಾರನೇ ದಿನ ಅರ್ಧ ಜನ ಕೆಲಸಕ್ಕೆ ಬರುತ್ತಿರಲಿಲ್ಲ. ಲಂಚ ತಿನ್ನುವವರು ಇದ್ದರು, ಇಲ್ಲ ಅನ್ನಲ್ಲ. ಚೆಕ್‌ರೋಲಿನಲ್ಲಿ ಇಲ್ಲದ ಹೆಸರು ಬರೆದು ಕೂಲಿ ತಿಂದವರ ಕಥೆಯೂ ಗೊತ್ತು. ಆದರೆ ಎರಡೂ ಕಡೆಯ ಬೈಗುಳ ತನ್ನ ಕಿವಿಯಲ್ಲೇ ಇಟ್ಟುಕೊಂಡವರೂ ಇದ್ದರು.

ಮುನ್ಷಿಮನೆ ಅಕ್ಕ, ನಿಮ್ಮ ಪುಸ್ತಕದಲ್ಲಿ ‘ಕೂಲಿಯವರು ಎಷ್ಟು ಜನ’ ಅಂತ ಇದೆಯಲ್ಲ, ಶಿಷ್ಯ ಸರ್ಕಾರಿ ದೊರೆ ಅಲ್ಲದೆ ತೋಟದ ದೊರೆಯೂ ಆಗಿರಬಹುದು. ತೋಟದವರಿಗೂ ಕನ್ನಡ ಬೇಕಿತ್ತು.

ಹಳೇ ಮೇಷ್ಟ್ರು, ಮಡಿಕೇರಿ

ರೈಟರ್ ಮಗನ ಊಹೆ ಚೆನ್ನಾಗಿದೆ. ಆದರೆ ‘ಇದು ಯಾರ ಗದ್ದೆ’, ‘ಸಾಕ್ಷಿ ಎಲ್ಲಿ’ ತೋಟದವನಿಗೆ ಯಾಕೆ? ನನಗೇನೋ ಕಚೇರಿ ವಾಸನೆಯೇ ಹೊಡೆಯುತ್ತದೆ. ರಸ್ತೆ ಕೆಲಸಕ್ಕೂ ಕೂಲಿಯವರು ಇರುತ್ತಿದ್ದರಲ್ಲ.

ಹೆಸರು ಇಲ್ಲ ಅಂತ ಕೇಳಿದೆಯಲ್ಲ ಮಗಳೇ, ಅದು ನಿಮ್ಮ ಮನೆಯದೊಂದೇ ಕಥೆಯಲ್ಲ. ಕೊಡವ ತಕ್ಕ್‌ಗೆ ಮೊದಲು ಅಚ್ಚಾದ ವ್ಯಾಕರಣ ಕ್ಯಾಪ್ಟನ್ ಕೋಲ್ ಹೆಸರಿನಲ್ಲಿ 1867ರಲ್ಲಿ ಬಂತು. ಇಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವನು. ಅವನು ಕೊಡವನಾಗಿ ಹುಟ್ಟಲಿಲ್ಲವಲ್ಲ, ಯಾರೋ ಎದುರು ಕೂತು ‘ನಾನ್ ಬಪ್ಪಿ, ನೀನ್ ಬಪ್ಪಿಯ’ ಅಂತ ಹೇಳಿರಲೇಬೇಕು. ಮೊಗ್ಲಿಂಗ್ ಪಾದ್ರಿ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದವರು, ಆಮೇಲೆ ಕೊಡಗಿಗೇ ಬಂದು ಕೂತು 1855ರಲ್ಲಿ ಕೊಡಗಿನ ಮೇಲೆ ಇಂಗ್ಲಿಷ್ ಪುಸ್ತಕ ಬರೆದರು. ರಿಕ್ಟರ್ ಪಾದ್ರಿಯ ಕೊಡಗಿನ ಕೈಪಿಡಿ 1870ರದು. ಕಿಟೆಲ್ ಕೂಡ ಸ್ವಲ್ಪ ಕಾಲ ಮಡಿಕೇರಿಯಲ್ಲಿದ್ದವರೇ, ಅವರ ನಿಘಂಟು 1894ರಲ್ಲಿ ಬಂತು. ಇವರ ದುಡಿಮೆ ಸುಳ್ಳಲ್ಲ, ನಾನು ದಿನಾ ಕಿಟೆಲ್ ತೆರೆಯುತ್ತೇನೆ. ಆದರೆ ಮುಖಪುಟದಲ್ಲಿ ಜಾಗ ಇದ್ದದ್ದು ಒಬ್ಬರಿಗೇ.

ಹೆಸರು ಉಳಿದವರೂ ಕೆಲವರಿದ್ದಾರೆ. ಮೈಸೂರು ಸೀಮೆಯಲ್ಲಿ ಸರ್ವೆ ಮಾಡಿದ ಮೆಕೆಂಜಿಯ ಜೊತೆ ಇದ್ದ ಕಾವಲಿ ವೆಂಕಟ ಬೊರ್ರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಹಳಗನ್ನಡದ ಶಾಸನ ಓದಿಕೊಡುತ್ತಿದ್ದದ್ದು ಈ ಧರ್ಮಯ್ಯನೇ. ಕೊಡಗಿನ ಮಟ್ಟಿಗೆ ನನಗೆ ಖುಷಿ ಕೊಡುವುದು ನಡಿಕೇರಿಯಂಡ ಚಿಣ್ಣಪ್ಪ. ಪೊಲೀಸ್ ಇಲಾಖೆಯ ನೌಕರಿ ಮಾಡಿಕೊಂಡೇ ಊರೂರು ಸುತ್ತಿ ಹಾಡು, ಗಾದೆ, ಪದ್ಧತಿ ಎಲ್ಲ ಕೂಡಿಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದರು. ಭಾಷೆ ಕೊಡವ, ಲಿಪಿ ಕನ್ನಡ, ಹೆಸರು ತಮ್ಮದೇ. ಯಾವ ದೊರೆಗೂ ಹೇಳಿಕೊಟ್ಟು ಬರೆಸಲಿಲ್ಲ, ತಾವೇ ಬರೆದರು.

ಪುಸ್ತಕಕ್ಕೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡ. ಅಂಟು ಟೇಪೂ ಬೇಡ. ಫೋಟೋ ತೆಗೆದಿಟ್ಟುಕೊಂಡು, ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ ಗಾಳಿಯಾಡುವ ಕಡೆ ಇಡು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಕಾಗದದ ಗತಿ ಹೇಳಬೇಕಾ.

ನಾಲ್ಕುನಾಡು

ಮುನ್ಷಿ ಅಂದಾಗ ಇನ್ನೊಂದು ನೆನಪಾಯಿತು, ವಿಷಯಾಂತರ ಆದರೆ ಕ್ಷಮಿಸಿ. ನಮ್ಮ ಗೌರಮ್ಮ, ಕೊನೆಯ ರಾಜನ ಮಗಳು, 1852ರಲ್ಲಿ ಲಂಡನ್ನಿಗೆ ಹೋದಾಗ ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ದೀಕ್ಷೆ ಕೊಡಿಸಿ ತನ್ನ ಹೆಸರಿಟ್ಟಳಲ್ಲ. ಆ ಹುಡುಗಿ ಪೂರ್ತಿ ಇಂಗ್ಲಿಷ್ ಆಗಬೇಕಾಯಿತು, 1864ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡಳು. ಅದೇ ರಾಣಿ 1887ರಲ್ಲಿ ಆಗ್ರಾದಿಂದ ಬಂದ ಅಬ್ದುಲ್ ಕರೀಮನನ್ನು ಮುನ್ಷಿ ಮಾಡಿಕೊಂಡು ಮುದಿವಯಸ್ಸಿನಲ್ಲಿ ಹಿಂದೂಸ್ತಾನಿ ಬರೆಯಲು ಕಲಿತಳು. ಅವಳು 1901ರಲ್ಲಿ ಸತ್ತದ್ದೇ ತಡ, ಮಗ ಏಳನೇ ಎಡ್ವರ್ಡ್ ಆ ಮುನ್ಷಿಯ ಕಾಗದಪತ್ರ ಸುಡಿಸಿ ಊರಿಗೆ ಕಳಿಸಿಬಿಟ್ಟ. ರಾಣಿಯ ಮೇಷ್ಟ್ರಿಗೇ ಈ ಮರ್ಯಾದೆ. ನಿಮ್ಮ ಅಜ್ಜನಿಗೆ ಎರಡು ಕಾಗದವಾದರೂ ಕೊಟ್ಟರು.

ಮುನ್ಷಿಮನೆ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಊರಿಗೆ ಹೋಗಿ ಪುಸ್ತಕವನ್ನು ಮೊದಲಿಂದ ನೋಡಿದೆ, ಈ ಸಲ ವಕ್ರ ಅಕ್ಷರ ದೊರೆಯದು ಅಂತ ತಿಳಿದುಕೊಂಡು. ಎಷ್ಟು ಬೇರೆ ಕಾಣುತ್ತದೆ ಗೊತ್ತಾ! ಶುರುವಿನ ಪುಟಗಳಲ್ಲಿ ಎಲ್ಲ ಅಪ್ಪಣೆ. ಹಾಕು, ತಾ, ಹೋಗು, ಹೇಳಬೇಡ. ಸುಮಾರು ಹನ್ನೆರಡನೇ ಪುಟದಲ್ಲಿ ಅಜ್ಜ ಒಂದು ಪಟ್ಟಿ ಮಾಡಿದ್ದಾರೆ. ಎಡಗಡೆ ‘ಬಾ’, ‘ಬನ್ನಿ’, ‘ಬರಬೇಕು’. ಬಲಗಡೆ ಯಾರಿಗೆ ಯಾವುದು ಅಂತ. ‘ಬಾ’ ಎದುರಿಗೆ ಕುದುರೆ ನೋಡುವವನು, ಮಕ್ಕಳು. ‘ಬನ್ನಿ’ ಎದುರಿಗೆ ಪಟೇಲ, ಶಾನುಭೋಗ. ‘ಬರಬೇಕು’ ಎದುರಿಗೆ ಸುಬೇದಾರ, ದಿವಾನ, ಮನೆಯ ಹಿರಿಯರು. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ‘ಬನ್ನಿ’ ಸಾಲಿಗೇ ಸೇರಿಸಿ ‘ಮುನ್ಷಿ’ ಅಂತ ಬರೆದುಕೊಂಡಿದ್ದಾರೆ. ದೊಡ್ಡಪ್ಪನಿಗೆ ತೋರಿಸಿದೆ. ಗುಮಾಸ್ತ ಅಂತ ಅವರು ಈಗ ಹೇಳುತ್ತಿಲ್ಲ.

ಏಲಕ್ಕಿ ಕಾಡು ಅವರೇ, ನಿಮ್ಮ ಮಾತೂ ತಲೆಯಲ್ಲಿದೆ. ‘ಬಾ’ ಸಾಲಿನಲ್ಲಿ ಎರವರು, ಕೂಲಿಯವರು ಅಂತ ಕೂಡ ಇದೆ, ಅದು ಅಜ್ಜನದೇ ಮುತ್ತಿನಂಥ ಅಕ್ಷರ. ಅದನ್ನು ದೊರೆ ಹೇಳಿಕೊಟ್ಟದ್ದಲ್ಲ.

ಕಡತವನ್ನು ಮೇಷ್ಟ್ರು ಹೇಳಿದ ಹಾಗೆ ಕಿಟಕಿ ಹತ್ತಿರ ಓರೆಯಾಗಿ ಹಿಡಿದೆ. ಭತ್ತದ ಲೆಕ್ಕ ಇರಬೇಕು, ಅಂಕಿಗಳು ಕಾಣುತ್ತವೆ, ಮಾತು ಕಾಣಲ್ಲ. ಅಮ್ಮನಿಗೆ ಬೇರೆ ಪೆಟ್ಟಿಗೆ ತಂದುಕೊಟ್ಟಾಯಿತು.

ಪುಸ್ತಕದ ಕೊನೆಯ ಪುಟದಲ್ಲಿ ದೊರೆ ತಾನೇ ಎರಡು ಸಾಲು ಬರೆದಿದ್ದಾನೆ, ಪಾಠದ್ದಲ್ಲ, ಅಜ್ಜನಿಗೆ ಬರೆದ ಚೀಟಿ ಥರ. ‘ಮಲೆ ಬರುತ್ತದೆ. ಪಾಠ ನಾಲೆ.’ ಅಜ್ಜ ‘ಮಲೆ’ಯ ಲ ಹೊಡೆದು ಮೇಲೆ ಳ ಬರೆದಿದ್ದಾರೆ. ‘ನಾಲೆ’ಯನ್ನು ಹಾಗೇ ಬಿಟ್ಟಿದ್ದಾರೆ. ಸಾಕಾಗಿಹೋಗಿರಬೇಕು ಪಾಪ.